ಶಾಲಾ ಮಕ್ಕಳ ಪೋಷಣಾ ಸ್ಥಿತಿಯ ಮಾಪನ ಮತ್ತು ಬೊಜ್ಜಿನ ಅಪಾಯದ ಅಂದಾಜು

ಐದು ವರ್ಷದೊಳಗಿನ ಮಕ್ಕಳ ಪೋಷಣಾ ಸ್ಥಿತಿಯನ್ನು ಕುರಿತು ನಮ್ಮ ದೇಶದಲ್ಲಿ ಹೇರಳವಾದ ಅಂಕಿ-ಅಂಶಗಳಿವೆ. 1992-93ರಲ್ಲಿ ಆರಂಭವಾದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಈ ವಯಸ್ಸಿನ ಮಕ್ಕಳ ಎತ್ತರ, ತೂಕಗಳನ್ನು ದಾಖಲಿಸುತ್ತ ಬಂದಿದೆ. ಹದಿನೈದು ವರ್ಷ ದಾಟಿದವರೂ ಅದೇ ಸಮೀಕ್ಷೆಯ ವ್ಯಾಪ್ತಿಗೆ ಬರುತ್ತಾರೆ. ಇವೆರಡರ ನಡುವಿನ ಸುಮಾರು ಹತ್ತು ವರ್ಷಗಳು, ಅಂದರೆ ಮಗು ಶಾಲೆಯಲ್ಲಿ ಕಳೆಯುವ ಬಹುಪಾಲು ಅವಧಿ, ಬಹುಕಾಲ ಈ ಲೆಕ್ಕದ ಹೊರಗೇ ಉಳಿದಿತ್ತು. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕವಾಗುತ್ತಿದ್ದ ಮಗು ಒಂದನೆಯ ತರಗತಿಗೆ ಸೇರಿದೊಡನೆ ಮಾಪನದ ಕಣ್ಣಿನಿಂದ ಮರೆಯಾಗುವುದು ವಿಚಿತ್ರವಾದರೂ ನಿಜ.

ಈ ಕೊರತೆಯನ್ನು ತಕ್ಕಮಟ್ಟಿಗೆ ನೀಗಿಸಿದ್ದು 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ. ಹುಟ್ಟಿನಿಂದ 19 ವರ್ಷದವರೆಗಿನ ಒಂದು ಲಕ್ಷ ಹನ್ನೆರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಅದು ಅಳೆಯಿತು. ಅವರಲ್ಲಿ ಸುಮಾರು 51 ಸಾವಿರ ಮಕ್ಕಳ ರಕ್ತ ಮುಂತಾದ ಮಾದರಿಗಳನ್ನೂ ಪರೀಕ್ಷಿಸಿತು. 5ರಿಂದ 9 ವರ್ಷದವರಲ್ಲಿ ಶೇಕಡ 22ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇಕಡ 23ರಷ್ಟು ಕೃಶರು, ಶೇಕಡ 4ರಷ್ಟು ಅತಿತೂಕದವರು ಎಂದು ಅದು ತಿಳಿಸಿತು. 10ರಿಂದ 19 ವರ್ಷದವರಲ್ಲಿ ಕೃಶರು ಶೇಕಡ 24, ಅತಿತೂಕದವರು ಶೇಕಡ 5. ಇಷ್ಟನ್ನೇ ಓದಿದವರಿಗೆ ನಮ್ಮ ಶಾಲೆಗಳ ಸಮಸ್ಯೆ ಹಸಿವೇ ಹೊರತು ಬೊಜ್ಜಲ್ಲ ಎನಿಸುವುದು ಸಹಜ. ಆದರೆ ಅದೇ ಸಮೀಕ್ಷೆಯ ರಕ್ತಪರೀಕ್ಷೆಗಳು ಬೇರೊಂದು ಮಾತನ್ನು ಹೇಳುತ್ತವೆ. 5ರಿಂದ 9 ವರ್ಷದ ಮಕ್ಕಳಲ್ಲಿ ಶೇಕಡ 34ರಷ್ಟು ಮಂದಿಯ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಅಂಶ ಮಿತಿಮೀರಿತ್ತು. ಹತ್ತರಲ್ಲೊಂದು ಮಗು ಮಧುಮೇಹದ ಹೊಸ್ತಿಲಲ್ಲಿತ್ತು. ಈ ದತ್ತಾಂಶವನ್ನು ಮುಂದೆ ವಿಶ್ಲೇಷಿಸಿದವರು ಕೃಶ ಹಾಗೂ ಗಿಡ್ಡ ಮಕ್ಕಳಲ್ಲೂ ಸುಮಾರು ಅರ್ಧದಷ್ಟು ಮಂದಿಗೆ ಇಂಥ ಒಂದಾದರೂ ಅಸಹಜ ಲಕ್ಷಣವಿರುವುದನ್ನು ಕಂಡರು.

ಒಂದೇ ಮಗು ತಕ್ಕಡಿಯ ಲೆಕ್ಕದಲ್ಲಿ ನ್ಯೂನಪೋಷಿತ, ರಕ್ತದ ಲೆಕ್ಕದಲ್ಲಿ ಅತಿಪೋಷಿತ ಎನಿಸಿಕೊಳ್ಳುವುದು ಹೇಗೆ? ನ್ಯೂನಪೋಷಣೆ ಮತ್ತು ಬೊಜ್ಜು ಒಂದೇ ಸರಳರೇಖೆಯ ಎರಡು ತುದಿಗಳೆಂದು ಭಾವಿಸಿ ನಮ್ಮ ಮಾಪನಪದ್ಧತಿಗಳು ರೂಪುಗೊಂಡಿವೆ. ಭಾರತೀಯ ಮಗುವಿನ ಮಟ್ಟಿಗೆ ಆ ಭಾವನೆ ಸಲ್ಲದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಯತ್ನಿಸಲಾಗಿದೆ.

ಸೂಚ್ಯಂಕದ ಹಿನ್ನೆಲೆ

ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ದೇಹತೂಕ ಸೂಚ್ಯಂಕ. ಬಳಕೆಯ ಮಾತಿನಲ್ಲಿ ಬಿಎಂಐ. ಬೆಲ್ಜಿಯಮ್ಮಿನ ಖಗೋಳಜ್ಞ ಹಾಗೂ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕ್ವೆಟಲೆ 19ನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಅನುಪಾತವನ್ನು ಗುರುತಿಸಿದನು. ಸರಾಸರಿ ಮನುಷ್ಯನ ಲಕ್ಷಣಗಳನ್ನು ಕಂಡುಹಿಡಿಯುವುದು ಅವನ ಉದ್ದೇಶವಾಗಿತ್ತೇ ಹೊರತು ಬೊಜ್ಜಿನ ರೋಗನಿರ್ಣಯವಲ್ಲ. ಈಗಿನ ಹೆಸರನ್ನು ಕೊಟ್ಟು ಅದನ್ನು ಪ್ರಚಾರಕ್ಕೆ ತಂದವನು ಅಮೆರಿಕದ ಆನ್ಸೆಲ್ ಕೀಸ್, 1972ರಲ್ಲಿ. ವಯಸ್ಕರ ವಿಷಯದಲ್ಲಿ ಇದರ ಬಳಕೆ ಸುಲಭ. 25 ದಾಟಿದರೆ ಅತಿತೂಕ, 30 ದಾಟಿದರೆ ಬೊಜ್ಜು ಎಂಬ ಗೆರೆಗಳು ಎಲ್ಲರಿಗೂ ಪರಿಚಿತ.

ಮಕ್ಕಳ ವಿಷಯದಲ್ಲಿ ಈ ಗೆರೆಗಳು ಉಪಯೋಗಕ್ಕೆ ಬಾರವು. ಬೆಳೆಯುವ ಮಗುವಿನ ಸೂಚ್ಯಂಕ ಮೊದಲ ವರ್ಷ ಏರಿ, ಅನಂತರ ಇಳಿಯುತ್ತ ಬಂದು, ಐದಾರು ವರ್ಷಗಳ ಸುಮಾರಿಗೆ ತಳ ಮುಟ್ಟಿ, ಮತ್ತೆ ಏರತೊಡಗುತ್ತದೆ. ಈ ಮರು ಏರಿಕೆಗೆ ಕೊಬ್ಬಿನ ಮರುಚಿಗುರು ಎನ್ನಬಹುದು. ಇದು ಬೇಗ ಆರಂಭವಾದ ಮಕ್ಕಳು ಮುಂದೆ ಬೊಜ್ಜಿಗೆ ತುತ್ತಾಗುವ ಸಂಭವ ಹೆಚ್ಚೆಂದು ಫ್ರಾನ್ಸಿನ ರೋಲಾಂಡ್-ಕಾಶೆರಾ ಮತ್ತು ಸಂಗಡಿಗರು 1984ರಲ್ಲೇ ತೋರಿಸಿದ್ದರು. ಆದುದರಿಂದ ಮಗುವಿನ ಸೂಚ್ಯಂಕವನ್ನು ಅದೇ ವಯಸ್ಸಿನ, ಅದೇ ಲಿಂಗದ ಮಕ್ಕಳ ಸೂಚ್ಯಂಕದೊಡನೆ ಹೋಲಿಸಿಯೇ ಅರ್ಥೈಸಬೇಕು. ಹೋಲಿಕೆಗೆ ಯಾವ ಮಕ್ಕಳನ್ನು ಆರಿಸಿಕೊಳ್ಳಬೇಕು ಎಂಬಲ್ಲಿ ನಿಜವಾದ ತೊಡಕು ಆರಂಭವಾಗುತ್ತದೆ.

ಈಗ ಬಳಕೆಯಲ್ಲಿರುವ ಮುಖ್ಯ ಅಳತೆಗೋಲುಗಳು ಮೂರು. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ 5ರಿಂದ 19 ವರ್ಷದವರಿಗಾಗಿ ಪ್ರಕಟಿಸಿದ ಆಧಾರಕೋಷ್ಟಕಗಳು ಬಹುಮಟ್ಟಿಗೆ 1977ರ ಅಮೆರಿಕದ ದತ್ತಾಂಶವನ್ನೇ ಹೊಸ ಗಣಿತಕ್ರಮದಿಂದ ಪುನಾರಚಿಸಿದವು. ಐದು ವರ್ಷದೊಳಗಿನವರ 2006ರ ಮಾನದಂಡಕ್ಕೆ ದೆಹಲಿಯೂ ಸೇರಿ ಆರು ದೇಶಗಳ ಮಕ್ಕಳನ್ನು ಅಳೆಯಲಾಗಿತ್ತೆಂಬುದನ್ನು ನೆನೆದರೆ, ಶಾಲಾ ಮಕ್ಕಳಿಗೆ ಅಂಥ ಭಾಗ್ಯ ದೊರೆಯಲಿಲ್ಲವೆಂದೇ ಹೇಳಬೇಕು. ಎರಡನೆಯದು, ಟಿಮ್ ಕೋಲ್ ಮತ್ತು ಸಂಗಡಿಗರು 2000ದಲ್ಲಿ ಅಂತರರಾಷ್ಟ್ರೀಯ ಬೊಜ್ಜು ಕಾರ್ಯಪಡೆಯ ಪರವಾಗಿ ಸಿದ್ಧಪಡಿಸಿದ್ದು. ಬ್ರೆಜಿಲ್, ಬ್ರಿಟನ್, ಹಾಂಗ್‌ಕಾಂಗ್, ನೆದರ್ಲೆಂಡ್ಸ್, ಸಿಂಗಪುರ, ಅಮೆರಿಕ ಇವುಗಳ ದತ್ತಾಂಶವನ್ನು ಬಳಸಿ, 18ನೆಯ ವಯಸ್ಸಿನಲ್ಲಿ 25 ಮತ್ತು 30ಕ್ಕೆ ಬಂದು ಸೇರುವ ವಕ್ರರೇಖೆಗಳನ್ನು ಅದರಲ್ಲಿ ಹಿಂದಕ್ಕೆ ಎಳೆಯಲಾಗಿದೆ. ಮೂರನೆಯದು, ಭಾರತೀಯ ಮಕ್ಕಳ ವೈದ್ಯರ ಸಂಘವು 2015ರಲ್ಲಿ ಪರಿಷ್ಕರಿಸಿದ ಕೋಷ್ಟಕಗಳು. ದೇಶದ 14 ನಗರಗಳ 33,148 ಮಕ್ಕಳ ಅಳತೆಗಳು ಇವಕ್ಕೆ ಆಧಾರ. ಈಗಾಗಲೇ ದಪ್ಪಗಿರುವ ಮಕ್ಕಳನ್ನೂ ಸೇರಿಸಿಕೊಂಡರೆ ದಪ್ಪಗಿರುವುದೇ ಸಹಜವೆಂದಾಗಿಬಿಡುತ್ತದೆ ಎಂಬ ಎಚ್ಚರದಿಂದ ಅಂಥವರ ಅಳತೆಗಳನ್ನು ಮೊದಲೇ ಕೈಬಿಡಲಾಗಿತ್ತು. ಇದರ ಗೆರೆಗಳು 18ನೆಯ ವಯಸ್ಸಿಗೆ 23 ಮತ್ತು 27ಕ್ಕೆ ಬಂದು ಸೇರುತ್ತವೆ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡಬಹುದು. ಹತ್ತು ವರ್ಷ ತುಂಬಿದ ಹುಡುಗನೊಬ್ಬನ ಎತ್ತರ 138 ಸೆಂಟಿಮೀಟರ್, ತೂಕ 37 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಸೂಚ್ಯಂಕ 19.4. ವಿಶ್ವ ಆರೋಗ್ಯ ಸಂಸ್ಥೆಯ ಕೋಷ್ಟಕದಲ್ಲಿ ಆ ವಯಸ್ಸಿನ ಹುಡುಗರ ಅತಿತೂಕದ ಗೆರೆ 18.5, ಆದ್ದರಿಂದ ಆತ ಅತಿತೂಕದವನು. ಕಾರ್ಯಪಡೆಯ ಕೋಷ್ಟಕದಲ್ಲಿ ಗೆರೆ 19.84, ಆದ್ದರಿಂದ ಆತ ಸಹಜ ತೂಕದವನು. ಹುಡುಗ ಬದಲಾಗಿಲ್ಲ, ಬದಲಾದದ್ದು ಪುಸ್ತಕ. ಒಂದು ಊರಿನ ಶಾಲೆಗಳಲ್ಲಿ ಬೊಜ್ಜು ಹೆಚ್ಚಿತೆಂದು ಹೇಳುವ ಮುನ್ನ, ಎರಡು ಅಧ್ಯಯನಗಳೂ ಒಂದೇ ಕೋಷ್ಟಕವನ್ನು ಬಳಸಿದ್ದವೇ ಎಂದು ಕೇಳುವುದು ಓದುಗನ ಮೊದಲ ಕರ್ತವ್ಯ. ಪ್ರಬಂಧಗಳ ಶೀರ್ಷಿಕೆಯಲ್ಲಿ ಶೇಕಡಾವಾರು ಎದ್ದು ಕಾಣುತ್ತದೆ, ಕೋಷ್ಟಕದ ಹೆಸರು ಒಳಪುಟದ ಯಾವುದೋ ಮೂಲೆಯಲ್ಲಿ ಅಡಗಿರುತ್ತದೆ.

ಎತ್ತರವೆಂಬ ಮರೆತ ಅಳತೆ

ಸೂಚ್ಯಂಕದ ಇನ್ನೊಂದು ದೋಷ ನಮ್ಮಂಥ ದೇಶಗಳಲ್ಲಿ ಹೆಚ್ಚು ಅಪಾಯಕಾರಿ. ಒಂಬತ್ತು ವರ್ಷದ ಹುಡುಗಿಯೊಬ್ಬಳು 118 ಸೆಂಟಿಮೀಟರ್ ಎತ್ತರವಿದ್ದು 22 ಕಿಲೋಗ್ರಾಂ ತೂಗುತ್ತಾಳೆ ಎನ್ನೋಣ. ಸೂಚ್ಯಂಕ 15.8, ಆ ವಯಸ್ಸಿನ ಹುಡುಗಿಯರ ಮಧ್ಯಮಾನವಾದ 16ಕ್ಕೆ ತೀರ ಹತ್ತಿರ. ಸೂಚ್ಯಂಕವನ್ನಷ್ಟೇ ಬರೆದುಕೊಳ್ಳುವ ತಪಾಸಣೆಯಲ್ಲಿ ಅವಳ ಹೆಸರಿನ ಮುಂದೆ ಸಹಜ ಎಂಬ ಮಾತು ಬೀಳುತ್ತದೆ. ಆದರೆ ಒಂಬತ್ತು ವರ್ಷದ ಹುಡುಗಿಯರ ಮಧ್ಯಮಾನದ ಎತ್ತರ ಸುಮಾರು 132 ಸೆಂಟಿಮೀಟರ್. ಕುಂಠಿತ ಬೆಳವಣಿಗೆಯ ಗೆರೆ ಸುಮಾರು 120. ಇವಳು ಅದಕ್ಕೂ ಕೆಳಗಿದ್ದಾಳೆ. ಗರ್ಭದಲ್ಲಿಯೋ ಮೊದಲ ಎರಡು ವರ್ಷಗಳಲ್ಲಿಯೋ ಆದ ದೀರ್ಘಕಾಲದ ಕೊರತೆ ಅವಳ ಮೂಳೆಗಳಲ್ಲಿ ದಾಖಲಾಗಿದೆ. ತೂಕವೂ ಎತ್ತರವೂ ಜೊತೆಯಲ್ಲೇ ಕುಗ್ಗಿದ್ದರಿಂದ ಅವುಗಳ ಅನುಪಾತ ಮಾತ್ರ ಸುಂದರವಾಗಿ ಕಾಣುತ್ತಿದೆ.

ಇಂಥ ಮಗುವಿಗೆ ಮುಂದೆ ಅಗ್ಗದ ಹಿಟ್ಟು, ಸಕ್ಕರೆ, ಎಣ್ಣೆಗಳಿಂದ ಶಕ್ತಿ ಧಾರಾಳವಾಗಿ ದೊರೆತು, ಸಸಾರಜನಕ ಮತ್ತು ಸೂಕ್ಷ್ಮಪೋಷಕಗಳು ದೊರೆಯದಿದ್ದರೆ ಎತ್ತರ ಹೆಚ್ಚುವ ಬದಲು ಕೊಬ್ಬು ಶೇಖರವಾಗುವ ಸಂಭವವೇ ಹೆಚ್ಚು. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇಕಡ 35.4ರಷ್ಟು ಮಂದಿ ಕುಂಠಿತ ಬೆಳವಣಿಗೆಯವರೆಂದು 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿದೆ. ಆ ಮಕ್ಕಳೇ ಇಂದು ನಮ್ಮ ಪ್ರಾಥಮಿಕ ಶಾಲೆಗಳಲ್ಲಿದ್ದಾರೆ.

ಮೈಸೂರು, ಪುಣೆ, ದೆಹಲಿಯ ಸಾಕ್ಷ್ಯ

ಭಾರತೀಯರ ದೇಹರಚನೆಯ ಬಗ್ಗೆ ಇಂದು ಲೋಕಕ್ಕೆ ತಿಳಿದಿರುವುದರಲ್ಲಿ ಗಣನೀಯ ಭಾಗ ಮೈಸೂರಿನಿಂದ ಬಂದದ್ದು. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ದಪ್ಪ ದಫ್ತರುಗಳಲ್ಲಿ ಬರೆದಿಟ್ಟಿದ್ದರು. ಹಾಗೆ ಹುಟ್ಟಿದವರನ್ನು ದಶಕಗಳ ಅನಂತರ ಪತ್ತೆಹಚ್ಚಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚೆಂಬುದು ಕಂಡುಬಂತು. 1996ರಲ್ಲಿ ಪ್ರಕಟವಾದ ಈ ಅಧ್ಯಯನ ಪ್ರಸಿದ್ಧವಾಗಿದೆ. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನವು ಗರ್ಭಿಣಿಯರಿಂದ ತೊಡಗಿ ಅವರ ಮಕ್ಕಳನ್ನು ವರ್ಷವರ್ಷವೂ ಹಿಂಬಾಲಿಸಿತು. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು 2005ರಲ್ಲಿ ವರದಿ ಮಾಡಿದಂತೆ, ಬ್ರಿಟನ್ನಿನ ಶಿಶುಗಳಿಗೆ ಹೋಲಿಸಿದರೆ ಮೈಸೂರಿನ ಶಿಶುಗಳು ಎಲ್ಲ ಅಳತೆಗಳಲ್ಲೂ ಚಿಕ್ಕವು. ಆದರೆ ಬೆನ್ನಿನ ಹೆಗಲೆಲುಬಿನ ಕೆಳಗಿನ ಚರ್ಮದ ಮಡಿಕೆಯ ದಪ್ಪದಲ್ಲಿ ಆ ಕೊರತೆ ಅಷ್ಟಾಗಿ ಇರಲಿಲ್ಲ. ನಾಲ್ಕು ವರ್ಷವಾಗುವ ಹೊತ್ತಿಗೆ ಉಳಿದ ಅಳತೆಗಳಲ್ಲಿ ಚಿಕ್ಕವರಾಗಿಯೇ ಉಳಿದ ಈ ಮಕ್ಕಳ ಬೆನ್ನಿನ ಮಡಿಕೆ ಮಾತ್ರ ಬ್ರಿಟನ್ನಿನ ಮಾನದಂಡಕ್ಕಿಂತ ದಪ್ಪವಾಗಿತ್ತು.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಶೋಧನೆಯೂ ಇದಕ್ಕೆ ಪೂರಕ. ಪುಣೆಯ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳು ಸರಾಸರಿ 2.7 ಕಿಲೋಗ್ರಾಂ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳು 3.5 ಕಿಲೋಗ್ರಾಂ. ಇಷ್ಟು ಅಂತರದಲ್ಲಿ ಪುಣೆಯ ಶಿಶು ಕಳೆದುಕೊಂಡದ್ದು ಹೆಚ್ಚಾಗಿ ಸ್ನಾಯು ಮತ್ತು ಒಳಾಂಗಗಳನ್ನು. ಕೊಬ್ಬನ್ನು ಅದು ಕಾಪಾಡಿಕೊಂಡಿತ್ತು. ತೆಳ್ಳಗೆ ಕಾಣುವ, ಒಳಗೆ ಕೊಬ್ಬಿರುವ ಭಾರತೀಯ ಎಂಬ ಪರಿಕಲ್ಪನೆ ಹೀಗೆ ನೆಲೆಗೊಂಡಿತು. 2004ರಲ್ಲಿ ಯಾಜ್ಞಿಕ್ ಅವರು ಲಂಡನ್ನಿನ ತಮ್ಮ ಸಹೋದ್ಯೋಗಿ ಯುಡ್ಕಿನ್ ಅವರೊಡನೆ ನಿಂತ ಚಿತ್ರವೊಂದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಸೂಚ್ಯಂಕವೂ 22.3. ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕ್ ಅವರಲ್ಲಿ ಶೇಕಡ 21.2. ಸೂಚ್ಯಂಕದ ಮಿತಿಯನ್ನು ಇದಕ್ಕಿಂತ ಸಂಕ್ಷೇಪವಾಗಿ ಯಾರೂ ಹೇಳಿಲ್ಲ.

ಆದರೆ ಶಾಲಾ ಮಕ್ಕಳ ಮಟ್ಟಿಗೆ ಅತ್ಯಂತ ಮುಖ್ಯವಾದ ಸಾಕ್ಷ್ಯ ದೆಹಲಿಯದು. ಹುಟ್ಟಿನಿಂದಲೇ ಕಾಲಕಾಲಕ್ಕೆ ಅಳತೆಗೊಳಪಟ್ಟಿದ್ದ 1,492 ಮಂದಿಯನ್ನು 26ರಿಂದ 32ರ ವಯಸ್ಸಿನಲ್ಲಿ ಪರೀಕ್ಷಿಸಿ ಭಾರ್ಗವ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಮಧುಮೇಹ ಅಥವಾ ಅದರ ಪೂರ್ವಸ್ಥಿತಿ ಕಾಣಿಸಿಕೊಂಡವರು ಎರಡು ವರ್ಷದವರೆಗೆ ಸಾಮಾನ್ಯವಾಗಿ ತೆಳ್ಳಗಿದ್ದ ಶಿಶುಗಳು. ಅನಂತರ ಅವರ ಕೊಬ್ಬಿನ ಮರುಚಿಗುರು ಬೇಗನೆ ಆರಂಭವಾಗಿ, ಸೂಚ್ಯಂಕ ವೇಗವಾಗಿ ಏರುತ್ತ ಹೋಗಿತ್ತು. ಹೀಗಿದ್ದೂ 12ನೆಯ ವಯಸ್ಸಿನಲ್ಲಿ ಅವರಲ್ಲಿ ಒಬ್ಬರೂ ಬೊಜ್ಜಿನವರಾಗಿರಲಿಲ್ಲ. ಆ ವಯಸ್ಸಿನಲ್ಲಿ ಶಾಲೆಗೆ ಹೋಗಿ ಬೊಜ್ಜಿನ ಗೆರೆ ದಾಟಿದವರನ್ನಷ್ಟೇ ಪಟ್ಟಿಮಾಡಿದ್ದರೆ, ಅಪಾಯದಲ್ಲಿದ್ದ ಒಂದು ಮಗುವೂ ಆ ಪಟ್ಟಿಯಲ್ಲಿ ಇರುತ್ತಿರಲಿಲ್ಲ.

ಅಪಾಯದ ಸುಳಿವು ಒಂದು ದಿನದ ಸಂಖ್ಯೆಯಲ್ಲಿಲ್ಲ, ವರ್ಷಗಳ ಏರಿಕೆಯ ಗತಿಯಲ್ಲಿದೆ ಎಂದು ಇದರಿಂದ ತಿಳಿಯುತ್ತದೆ. ಕೆಳಗಿನ ಗೆರೆಯ ಬಳಿಯಿದ್ದ ಮಗು ಮೂರು ವರ್ಷಗಳಲ್ಲಿ ಮಧ್ಯದ ಗೆರೆಯನ್ನು ದಾಟಿ ಮೇಲೇರಿದರೆ ಊರವರು ಮೈ ತುಂಬಿಕೊಂಡಿತೆಂದು ಸಂತೋಷಪಡುತ್ತಾರೆ. ಎತ್ತರವೂ ಅದೇ ಪ್ರಮಾಣದಲ್ಲಿ ಏರಿದ್ದರೆ ಆ ಸಂತೋಷ ಸಕಾರಣವಾದುದೇ. ಎತ್ತರ ಏರದೆ ಸೂಚ್ಯಂಕ ಮಾತ್ರ ಏರಿದ್ದರೆ ಅದು ಗಮನಿಸಬೇಕಾದ ಮಗು.

ಕ್ಷೇತ್ರದಲ್ಲಿ ಅಳೆಯುವಾಗ

ಎತ್ತರದ ಅಳತೆಯಲ್ಲಾಗುವ ದೋಷ ವರ್ಗಗೊಳ್ಳುವುದರಿಂದ ಸೂಚ್ಯಂಕದಲ್ಲಿ ಅದು ಸರಿಸುಮಾರು ಇಮ್ಮಡಿಯಾಗುತ್ತದೆ. ಮೇಲೆ ಹೇಳಿದ ಹುಡುಗಿಯನ್ನು ಚಪ್ಪಲಿ ಬಿಚ್ಚಿಸದೆ ಅಳೆದು 120 ಎಂದು ಬರೆದುಕೊಂಡರೆ ಸೂಚ್ಯಂಕ 15.8ರಿಂದ 15.3ಕ್ಕೆ ಇಳಿಯುತ್ತದೆ, ಕುಂಠಿತ ಬೆಳವಣಿಗೆಯೂ ಹೆಚ್ಚುಕಡಿಮೆ ಮಾಯವಾಗುತ್ತದೆ. ಎರಡು ಜಡೆಗಳನ್ನು ಮಡಿಚಿ ರಿಬ್ಬನ್ ಕಟ್ಟಿಕೊಂಡು ಬರುವ ಹೆಣ್ಣುಮಕ್ಕಳಲ್ಲಿ ಅಳತೆಯ ಹಲಗೆ ನೆತ್ತಿಯನ್ನು ಮುಟ್ಟುವಂತೆ ನೋಡಿಕೊಳ್ಳಬೇಕು. ಕಿವಿಯ ರಂಧ್ರ ಮತ್ತು ಕಣ್ಣಿನ ಗೂಡಿನ ಕೆಳ ಅಂಚು ಒಂದೇ ಮಟ್ಟದಲ್ಲಿರಬೇಕು. ಬೆಳಗಿನಿಂದ ಸಂಜೆಯೊಳಗೆ ಎತ್ತರ ಸುಮಾರು ಒಂದು ಸೆಂಟಿಮೀಟರಿನಷ್ಟು ಕುಗ್ಗುವುದರಿಂದ, ಪ್ರತಿವರ್ಷವೂ ಒಂದೇ ಹೊತ್ತಿನಲ್ಲಿ ಅಳೆಯುವುದು ಲೇಸು. ಗೋಡೆಗೆ ಅಂಟಿಸಿದ ಬಟ್ಟೆಯ ಟೇಪಿನಿಂದ ಅಳೆದ ಸಾವಿರ ಮಕ್ಕಳಿಗಿಂತ ಸರಿಯಾದ ಕೋಲಿನಿಂದ ಎರಡೆರಡು ಬಾರಿ ಅಳೆದ ಇನ್ನೂರು ಮಕ್ಕಳು ಸಂಶೋಧನೆಗೆ ಹೆಚ್ಚು ಉಪಯುಕ್ತ.

ವಯಸ್ಸಿನ ವಿಷಯದಲ್ಲೂ ಎಚ್ಚರ ಬೇಕು. ಹಿಂದಿನ ತಲೆಮಾರಿನ ಕನ್ನಡಿಗರಲ್ಲಿ ಜೂನ್ 1ರಂದು ಹುಟ್ಟಿದವರು ಅಸಂಖ್ಯಾತ. ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದ ಜನ್ಮದಿನ ಅದು. ಜನನ ನೋಂದಣಿ ಸುಧಾರಿಸಿರುವ ಇಂದು ಈ ತೊಂದರೆ ಬಹಳ ಕಡಿಮೆಯಾಗಿದೆ. ಆದರೂ ದಾಖಲಾತಿ ಪುಸ್ತಕದ ದಿನಾಂಕವನ್ನು ಜನನ ಪ್ರಮಾಣಪತ್ರದೊಡನೆ ತಾಳೆ ನೋಡುವುದು ಒಳ್ಳೆಯದು, ಏಕೆಂದರೆ ಆರು ತಿಂಗಳ ವ್ಯತ್ಯಾಸವೂ ಮಗುವನ್ನು ಬೇರೆ ಗೆರೆಯ ಮೇಲೆ ನಿಲ್ಲಿಸಬಲ್ಲದು. ಹನ್ನೊಂದರಿಂದ ಹದಿಮೂರರ ಹೆಣ್ಣುಮಕ್ಕಳಲ್ಲಿ ಋತುಪ್ರಾಪ್ತಿಯ ಆಸುಪಾಸಿನಲ್ಲಿ ಕೊಬ್ಬು ಸಹಜವಾಗಿಯೇ ಹೆಚ್ಚುತ್ತದೆ. ಅದನ್ನು ರೋಗವೆಂದು ಎಣಿಸಲಾಗದು.

ಕೊಬ್ಬು ಎಲ್ಲಿದೆ ಎಂಬುದನ್ನು ತಿಳಿಯಲು ಸೊಂಟದ ಸುತ್ತಳತೆ ಸಹಾಯಕ. ಸುತ್ತಳತೆ ಎತ್ತರದ ಅರ್ಧಕ್ಕಿಂತ ಹೆಚ್ಚಿರಬಾರದು ಎಂಬ ಸೂತ್ರಕ್ಕೆ ವಯಸ್ಸಿನ ಕೋಷ್ಟಕದ ಹಂಗಿಲ್ಲ. ಒಂದು ದಾರವನ್ನು ಎತ್ತರದಷ್ಟು ಕತ್ತರಿಸಿ ಎರಡಾಗಿ ಮಡಿಚಿ ಸೊಂಟಕ್ಕೆ ಸುತ್ತಿದರೂ ಸಾಕು. ಗಿಡ್ಡ ಮಕ್ಕಳಲ್ಲಿ ಈ ಅನುಪಾತವೂ ಸ್ವಲ್ಪ ಏರುಪೇರಾಗುವುದುಂಟು. ಆದರೂ ಸೂಚ್ಯಂಕ ಮರೆಮಾಚುವುದನ್ನು ಇದು ಎಷ್ಟೋ ಬಾರಿ ಬಯಲು ಮಾಡುತ್ತದೆ. ಚರ್ಮದ ಮಡಿಕೆಯನ್ನು ಕ್ಯಾಲಿಪರ್ ಎಂಬ ಚಿಮುಟದಿಂದ ಅಳೆಯಲು ಪಳಗಿದ ಕೈ ಬೇಕು. ಕ್ಷಕಿರಣ ಆಧಾರಿತ ಡೆಕ್ಸಾ ಅಥವಾ ಭಾರಜಲದ ವಿಧಾನಗಳು ಹೆಚ್ಚು ನಿಖರ, ಆದರೆ ಅವು ಸಂಶೋಧನಾಲಯಗಳಿಗೆ ಮೀಸಲು.

ಆಹಾರದ ವಿಚಾರಣೆ

ದೇಹದ ಅಳತೆ ಫಲಿತಾಂಶವನ್ನು ತೋರಿಸುತ್ತದೆ, ಕಾರಣವನ್ನಲ್ಲ. ಹಿಂದಿನ 24 ಗಂಟೆಗಳಲ್ಲಿ ತಿಂದದ್ದನ್ನೆಲ್ಲ ಕೇಳಿ ಬರೆದುಕೊಳ್ಳುವುದು ಬಹುಬಳಕೆಯ ವಿಧಾನ. ಎಂಟು ವರ್ಷದೊಳಗಿನ ಮಗು ಇದಕ್ಕೆ ನಂಬಲರ್ಹ ಉತ್ತರ ಕೊಡಲಾರದು. ತಾಯಿಯನ್ನು ಕೇಳಿದರೆ ಶಾಲೆಯ ಬಿಸಿಯೂಟದಲ್ಲಿ ಮಗು ಎಷ್ಟು ಉಂಡಿತು, ಎಷ್ಟು ಬಿಟ್ಟಿತು ಅವರಿಗೆ ತಿಳಿಯದು. ಶಿಕ್ಷಕರನ್ನು ಕೇಳಿದರೆ ರಾತ್ರಿಯ ಊಟ ಅವರಿಗೆ ತಿಳಿಯದು. ದಾರಿಯ ಅಂಗಡಿಯಲ್ಲಿ ಐದು ರೂಪಾಯಿಗೆ ಕೊಂಡ ಕುರುಕಲು ಪೊಟ್ಟಣ ಇಬ್ಬರಿಗೂ ತಿಳಿಯದು. ಒಂದು ಮುದ್ದೆ, ಒಂದು ರೊಟ್ಟಿ ಎಂಬ ಉತ್ತರಕ್ಕೂ ಮಂಡ್ಯದಲ್ಲೊಂದು, ರಾಯಚೂರಿನಲ್ಲೊಂದು ಗಾತ್ರ. ಆದುದರಿಂದ ಮನೆಯ ಪಾತ್ರೆಗಳನ್ನೇ ಮುಂದಿಟ್ಟುಕೊಂಡು, ತೂಕ ಗೊತ್ತಿರುವ ಮಾದರಿಗಳನ್ನು ತೋರಿಸಿ ಕೇಳಬೇಕು. ಸೋಮವಾರ ಕೇಳಿದರೆ ಭಾನುವಾರದ ಊಟ ದಾಖಲಾಗುತ್ತದೆ, ಹಬ್ಬದ ಮರುದಿನ ಕೇಳಿದರೆ ಹೋಳಿಗೆ ದಾಖಲಾಗುತ್ತದೆ. ಕನಿಷ್ಠ ಎರಡು ಬೇರೆ ಬೇರೆ ದಿನಗಳ ವಿಚಾರಣೆ ಅಗತ್ಯ.

ಹೀಗೆ ದೊರೆತ ಆಹಾರವನ್ನು ಪೋಷಕಾಂಶಗಳಾಗಿ ಪರಿವರ್ತಿಸಲು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕಗಳು ಈಗಿನ ಆಧಾರ. ದೇಶದ ಆರು ವಲಯಗಳಿಂದ ಸಂಗ್ರಹಿಸಿದ 528 ಆಹಾರಗಳ ವಿಶ್ಲೇಷಣೆ ಅದರಲ್ಲಿದೆ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದಂಶ ಎಂಬಂಥ ನಮ್ಮ ಕಡೆಗೆ ಮುಖ್ಯವಾದ ಅಂಕಿಗಳು ಅಲ್ಲಿಂದ ದೊರೆಯುತ್ತವೆ.

ಬಿಸಿಯೂಟದ ಪಾತ್ರವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಸರ್ವೋಚ್ಚ ನ್ಯಾಯಾಲಯದ 2001ರ ನವೆಂಬರ್ ಆದೇಶದ ತರುವಾಯ ಕರ್ನಾಟಕದಲ್ಲಿ ಅಕ್ಷರ ದಾಸೋಹವು 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಆರಂಭವಾಯಿತು. ಪ್ರಾಥಮಿಕ ತರಗತಿಯ ಮಗುವಿಗೆ 450 ಕಿಲೋಕ್ಯಾಲರಿ ಶಕ್ತಿ, 12 ಗ್ರಾಂ ಸಸಾರಜನಕ. ಹಿರಿಯ ಪ್ರಾಥಮಿಕ ತರಗತಿಗೆ 700 ಕಿಲೋಕ್ಯಾಲರಿ, 20 ಗ್ರಾಂ ಸಸಾರಜನಕ ಇವು ನಿಗದಿಯಾದ ಪ್ರಮಾಣಗಳು. 2013ರ ಕ್ಷೀರಭಾಗ್ಯ ಯೋಜನೆಯಿಂದ 150 ಮಿಲಿಲೀಟರ್ ಹಾಲು, 2021ರ ಡಿಸೆಂಬರಿನಿಂದ ಮೊದಲು ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಹಾಗೂ ವಿಜಯಪುರದಲ್ಲಿ, ಮುಂದೆ ರಾಜ್ಯದಾದ್ಯಂತ ಮೊಟ್ಟೆ ಸೇರಿದವು. ಬೊಜ್ಜು ಹೆಚ್ಚುತ್ತಿದೆ ಎಂಬ ಸುದ್ದಿಯನ್ನು ಕೇಳಿ ಈ ಊಟವನ್ನು ಕಡಿತಗೊಳಿಸಬೇಕೆನ್ನುವ ವಾದ ಆಗಾಗ ಕಿವಿಗೆ ಬೀಳುತ್ತದೆ. ಮೇಲಿನ ಸಾಕ್ಷ್ಯಗಳನ್ನು ಗಮನಿಸಿದರೆ ಈ ವಾದ ತಪ್ಪೆಂದು ಸ್ಪಷ್ಟವಾಗುತ್ತದೆ. ಗಿಡ್ಡ ಮಗುವಿನ ಬೊಜ್ಜಿನ ಅಪಾಯಕ್ಕೆ ಊಟವನ್ನು ಕಿತ್ತುಕೊಳ್ಳುವುದು ಪರಿಹಾರವಲ್ಲ. ಅನ್ನದ ಪಾಲು ಅಷ್ಟೇ ಇದ್ದು ಬೇಳೆ, ಹಾಲು, ಮೊಟ್ಟೆ, ಸೊಪ್ಪುಗಳ ಪಾಲು ಹೆಚ್ಚಬೇಕು. ಹಾಲು, ಮೊಟ್ಟೆಗಳ ಚರ್ಚೆ ನಮ್ಮಲ್ಲಿ ಬೇರೆ ದಿಕ್ಕುಗಳಿಗೆ ಹೊರಳಿದ್ದೇ ಹೆಚ್ಚು. ಎತ್ತರದ ಬೆಳವಣಿಗೆಯ ದೃಷ್ಟಿಯಿಂದ ನಡೆದದ್ದು ಕಡಿಮೆ. ಕಡಿತವಾಗಬೇಕಾದದ್ದು ಶಾಲೆಯ ಗೇಟಿನಾಚೆಗಿನ ಸರಕು. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯಲ್ಲೂ ಅದರ 50 ಮೀಟರ್ ಸುತ್ತಳತೆಯಲ್ಲೂ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2020ರಲ್ಲೇ ನಿಯಮ ಮಾಡಿದೆ.

ಅಳತೆಯ ನಂತರ

ಜಗತ್ತಿನ ಶಾಲಾ ವಯಸ್ಸಿನ ಮಕ್ಕಳಲ್ಲಿ ಬೊಜ್ಜಿನವರ ಪ್ರಮಾಣ ಶೇಕಡ 9.4ಕ್ಕೇರಿ, ಕಡಿಮೆ ತೂಕದವರ ಶೇಕಡ 9.2ನ್ನು ಮೊದಲ ಬಾರಿಗೆ ಮೀರಿತೆಂದು ಯುನಿಸೆಫ್ 2025ರಲ್ಲಿ ವರದಿ ಮಾಡಿತು. ದಕ್ಷಿಣ ಏಷ್ಯಾ ಈ ಮಾತಿಗೆ ಹೊರತು. ಹಾಗೆಂದು ನಮಗೆ ಸಮಾಧಾನಪಡಲು ಕಾರಣವಿಲ್ಲ, ಇಲ್ಲಿ ಒಂದರ ಬದಲು ಇನ್ನೊಂದು ಬರುತ್ತಿಲ್ಲ. ಒಂದರ ಮೇಲೊಂದು ಕೂಡುತ್ತಿದೆ.

ಶಾಲೆಯಲ್ಲಿ ತಪಾಸಣೆ ಮಾಡುವವರು ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಇಡೀ ತರಗತಿಯ ಎದುರು ತೂಕವನ್ನು ಗಟ್ಟಿಯಾಗಿ ಕೂಗಿ ಬರೆಸುವ ರೂಢಿ ಅನೇಕ ಕಡೆ ಇದೆ. ಡುಮ್ಮ, ಕಡ್ಡಿ ಎಂಬ ಅಡ್ಡಹೆಸರುಗಳು ಅಲ್ಲಿಂದ ಹುಟ್ಟಿ ಮಗುವನ್ನು ವರ್ಷಗಟ್ಟಲೆ ಹಿಂಬಾಲಿಸುತ್ತವೆ. ಮುಂದಿನ ವರ್ಷ ತಪಾಸಣೆಯ ದಿನ ಆ ಮಗು ಶಾಲೆಗೇ ಬರುವುದಿಲ್ಲ, ದತ್ತಾಂಶವೂ ಅಷ್ಟರಮಟ್ಟಿಗೆ ವಕ್ರವಾಗುತ್ತದೆ. ಪರದೆಯ ಮರೆಯಲ್ಲಿ ಅಳೆದು, ಫಲಿತಾಂಶವನ್ನು ಪೋಷಕರಿಗೆ ಮಾತ್ರ ತಿಳಿಸುವುದು ಶಿಷ್ಟಾಚಾರವೂ ಹೌದು, ಒಳ್ಳೆಯ ವಿಜ್ಞಾನವೂ ಹೌದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಭೇಟಿ ನೀಡಿ ಮಕ್ಕಳನ್ನು ಪರೀಕ್ಷಿಸಬೇಕೆಂಬ ನಿಯಮವಿದೆ. ಸಲಕರಣೆ, ಸಿಬ್ಬಂದಿ, ನಮೂನೆಗಳು ಆಗಲೇ ಇವೆ. ಇನ್ನು ಬೇಕಾಗಿರುವುದು ಒಂದೇ ಪುಟದ ಕಾರ್ಡು: ಒಂದನೆಯ ತರಗತಿಯಿಂದ ಹತ್ತನೆಯವರೆಗೆ ವರ್ಷಕ್ಕೊಂದು ಸಾಲಿನಂತೆ ಎತ್ತರ, ತೂಕ, ಸೊಂಟದ ಸುತ್ತಳತೆ, ಪಕ್ಕದಲ್ಲಿ ಎತ್ತರದ ಮತ್ತು ಸೂಚ್ಯಂಕದ ಎರಡು ನಕ್ಷೆಗಳು, ಯಾವ ಕೋಷ್ಟಕದಿಂದ ತೆಗೆದವೆಂಬ ಉಲ್ಲೇಖದೊಡನೆ. ಮಗು ಶಾಲೆ ಬದಲಿಸಿದಾಗ ವರ್ಗಾವಣೆ ಪ್ರಮಾಣಪತ್ರದ ಜೊತೆಗೆ ಈ ಕಾರ್ಡೂ ಹೋಗಬೇಕು. ಮೈಸೂರಿನ ದಾದಿಯರು 1934ರಲ್ಲಿ ದಫ್ತರಿನಲ್ಲಿ ಬರೆದಿಟ್ಟ ಅಳತೆಗಳು ಅರವತ್ತು ವರ್ಷಗಳ ಅನಂತರ ಸಂಶೋಧಕರಿಗೆ ಒದಗಿದವು. ಆ ದಫ್ತರುಗಳಲ್ಲಿ ಇದ್ದದ್ದೂ ಪ್ರತಿ ಶಿಶುವಿಗೆ ಮೂರೇ ಅಳತೆಗಳು.